ಬಾಂಬಿನ ಯಂತ್ರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡದ್ದು

ಪೀಣ್ಯ, ಎರಡನೇ ಹಂತ

ಅತ್ತಿಬೆಲೆ ದಾಟಿ ಹೊಸೂರಿಗೆ ಬೇರಿಂಗ್ ತರಲು ಹೋಗುವುದೇ ಇಷ್ಟು ವರ್ಷ ನನ್ನ ಪಾಲಿನ ಪರದೇಶವಾಗಿತ್ತು. ಅಂಥ ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಕಜಕಸ್ತಾನಕ್ಕೆ ಹೋಗಿ ಬಂದೆ. ಊರು ನೋಡುವ ಚಪಲದಿಂದಲ್ಲ, ಒಂದು ಹಿಟ್ಟಿನ ಮಿಲ್ಲಿನ ದೆಸೆಯಿಂದ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡು. ಹಿಟ್ಟು, ರವೆ, ಬೇಳೆಗಳನ್ನು ತೂಗಿ ತಾನೇ ಪೊಟ್ಟಣ ಕಟ್ಟುವ ಪ್ಯಾಕಿಂಗ್ ಮಷೀನು ತಯಾರಿಸುತ್ತೇವೆ. ಅಂಥದೊಂದನ್ನು ಸೆಮೆಯ್ ಎಂಬ ಊರಿನ ಮಿಲ್ಲಿನವರು ಕೊಂಡಿದ್ದರು. ಕೊಳ್ಳುವ ಮುಂಚೆ ಅವರ ಫೋರ್‌ಮನ್ ಎರ್ಲಾನ್ ಎಂಬಾತ ಹದಿನೈದು ದಿನ ನಮ್ಮಲ್ಲಿಗೆ ಬಂದು ಮಷೀನಿನ ಕೆಲಸ ಕಲಿತು ಹೋಗಿದ್ದ. ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ಜಾಲಹಳ್ಳಿ ಕ್ರಾಸಿನ ಲಾಡ್ಜಿನಲ್ಲಿದ್ದುಕೊಂಡು ಮೂರು ಹೊತ್ತೂ ಮಸಾಲೆ ದೋಸೆ ತಿಂದ. ಅರ್ಧಂಬರ್ಧ ಇಂಗ್ಲಿಷಿನ ಜೊತೆಗೆ ‘ಆಯ್ತು ಗುರು’, ‘ಸ್ವಲ್ಪ ಟೈಟ್ ಮಾಡು’ ಅನ್ನುವಷ್ಟು ಕನ್ನಡವನ್ನೂ ಕಟ್ಟಿಕೊಂಡು ಹೋಗಿದ್ದ. ಮಷೀನು ಅಲ್ಲಿಗೆ ತಲುಪಿದ ಮೇಲೆ, ಅದನ್ನು ಕೂರಿಸಿ ಚಾಲೂ ಮಾಡಲು ನಾನೇ ಬರಬೇಕೆಂದು ಹಟ ಹಿಡಿದವನೂ ಅವನೇ.

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಪದ್ಮ ನಾಲ್ಕು ನಿಂಬೆಹಣ್ಣು, ಕುಂಕುಮ, ಅರಿಶಿನ, ಊದುಬತ್ತಿ, ಕರ್ಪೂರ ಎಲ್ಲವನ್ನೂ ಪೆಟ್ಟಿಗೆಗೆ ತುರುಕಿದಳು. ‘ಅಲ್ಲಿ ಇದೆಲ್ಲ ಸಿಗಲ್ಲ ಕಣ್ರೀ. ಪೂಜೆ ಮಾಡ್ದೆ ಸ್ವಿಚ್ ಹಾಕ್ಬೇಡಿ, ಹೇಳಿದೀನಿ.’ ಅವಳು ಹೇಳಬೇಕಾಗಿರಲಿಲ್ಲ. ಪೀಣ್ಯದಲ್ಲಿ ಬೆಳಿಗ್ಗೆ ಮಷೀನಿನ ಮೈ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳದೆ ಸ್ವಿಚ್ ಹಾಕುವವನನ್ನು ನಾನು ಈವರೆಗೆ ಕಂಡಿಲ್ಲ. ನನಗಂತೂ ಅದು ಮೈಗೇ ಅಂಟಿದ ಅಭ್ಯಾಸ. ಹತ್ತೊಂಬತ್ತು ವರ್ಷದವನಿದ್ದಾಗ, ಕಬ್ಬಿಣದ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡವನು ನಾನು. ಅದರ ಮಾತು ಮುಂದೆ ಬರುತ್ತದೆ.

ಎದುರಿನ ಶೆಡ್ಡಿನಲ್ಲಿ ಲೋಹಕ್ಕೆ ಪ್ಲೇಟಿಂಗ್ ಮಾಡುವ ಗಿರಿಯಪ್ಪ ನನ್ನ ಮೂವತ್ತು ವರ್ಷದ ಗೆಳೆಯ. ಬೀಳ್ಕೊಡಲು ಬಂದವನು, ‘ಕುದುರೆ ಮಾಂಸ ತಿಂತಾರಂತೆ ಕಣೋ ಅಲ್ಲಿ. ನೀನು ಹುಷಾರು, ಆಮೇಲೆ ಬಂದು ಕೆನೀಬೇಡ’ ಅಂದ. ಇಡೀ ಬೀದಿ ನಕ್ಕಿತು.

ಆಲ್ಮಾಟಿ, ವಿಮಾನ ನಿಲ್ದಾಣ

ಕರ್ಪೂರವನ್ನು ನಮ್ಮ ದೇವನಹಳ್ಳಿಯಲ್ಲೇ ಕಿತ್ತುಕೊಂಡಿದ್ದರು. ನಿಂಬೆಹಣ್ಣಿನ ಸರದಿ ಆಲ್ಮಾಟಿಯಲ್ಲಿ ಬಂತು. ಹಸಿರು ಸಮವಸ್ತ್ರದ ಹೆಣ್ಣುಮಗಳೊಬ್ಬಳು ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ನನ್ನ ಮುಖ ನೋಡಿ, ಒಂದೊಂದನ್ನೇ ಡಬ್ಬಿಗೆ ಹಾಕಿದಳು. ಆಮೇಲೆ ಕುಂಕುಮದ ಪೊಟ್ಟಣ ಹೊರಬಂತು. ಏನಿದು ಅಂತ ಅವಳು ಬೆರಳಾಡಿಸಿ ಕೇಳಿದಳು. ನನಗೆ ಮಾತು ತೋಚದೆ ಒಂದು ಚಿಟಿಕೆ ತೆಗೆದು ಹಣೆಗೆ ಇಟ್ಟುಕೊಂಡು ತೋರಿಸಿದೆ. ಅವಳು ಪಕ್ಕದವನನ್ನು ಕರೆದಳು. ಅವನು ಇನ್ನೊಬ್ಬನನ್ನು ಕರೆದ. ಮೂವರೂ ನೋಡಲಿ ಅಂತ ಮತ್ತೊಮ್ಮೆ ಇಟ್ಟುಕೊಂಡೆ. ಕೊನೆಗೆ ನಗುತ್ತಾ ಬಿಟ್ಟರು. ಹಣೆ ತುಂಬ ಕುಂಕುಮ ಮೆತ್ತಿಕೊಂಡು, ಮಾರಮ್ಮನ ಗುಡಿಯಿಂದ ಎದ್ದು ಬಂದವನ ಹಾಗೆ ನಾನು ಆ ದೇಶದೊಳಕ್ಕೆ ಕಾಲಿಟ್ಟೆ.

ಅಲ್ಲಿಂದ ಸೆಮೆಯ್‌ಗೆ ರೈಲು. ಕಿಟಕಿಯಾಚೆ ಹುಲ್ಲು, ಹುಲ್ಲು, ಮತ್ತೆ ಹುಲ್ಲು. ಒಂದು ಬೇಲಿಯಿಲ್ಲ, ಒಂದು ‘ಸೈಟುಗಳು ಮಾರಾಟಕ್ಕಿವೆ’ ಬೋರ್ಡಿಲ್ಲ. ನಮ್ಮ ಜಿಗಣಿ ಕಡೆಯವರ ಕಣ್ಣಿಗೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಕಲ್ಲು ನೆಟ್ಟು ಸುಣ್ಣ ಬಳಿದು ಮುಗಿಸಿರುತ್ತಿದ್ದರು. ‘ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ’ ಅಂತ ನಾನು ನಿಟ್ಟುಸಿರು ಬಿಟ್ಟೆ. ಖಾಲಿ ಜಾಗ ಅಂತ ಅಂದುಕೊಂಡವನು ನಾನೊಬ್ಬನೇ ಅಲ್ಲ, ನನಗಿಂತ ಮುಂಚೆ ಬೇರೆಯವರೂ ಹಾಗೇ ಅಂದುಕೊಂಡಿದ್ದರು ಅನ್ನುವುದು ಎರಡು ದಿನ ಬಿಟ್ಟು ತಿಳಿಯಿತು.

ಸೆಮೆಯ್, ಶನಿವಾರ

ಎರ್ಲಾನ್ ಸ್ಟೇಷನ್ನಿನಲ್ಲೇ ಅಪ್ಪಿಕೊಂಡು ‘ಬಾ ಗುರು’ ಅಂದ. ಅವನ ಮನೆಯಲ್ಲೇ ನನ್ನ ವಾಸ. ಬಾಗಿಲಲ್ಲಿ ಚಪ್ಪಲಿ ಬಿಡುವುದು, ಬಂದವರಿಗೆ ಕೇಳದೆಯೇ ಊಟಕ್ಕಿಡುವುದು, ಸಾಕು ಅಂದರೆ ಕಿವಿಗೇ ಹಾಕಿಕೊಳ್ಳದಿರುವುದು, ಎಲ್ಲ ನಮ್ಮಂತೆಯೇ. ಕುದುರೆ ಮಾಂಸದಿಂದ ಶನಿವಾರ ನನ್ನನ್ನು ಕಾಪಾಡಿತು. ‘ಶನಿವಾರ ನಾವು ಮಾಂಸ ಮುಟ್ಟಲ್ಲ’ ಅಂದೆ. ಹಾಗಾದರೆ ಭಾನುವಾರ ಅಂತ ಅವನ ಹೆಂಡತಿ ಬೆರಳು ಮಡಿಸಿ ಲೆಕ್ಕ ಹಾಕಿದಳು.

ಚಹಾ ಮಾತ್ರ ನನ್ನ ತಲೆ ಕೆಡಿಸಿತು. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ, ತಳದಲ್ಲಿ ಮಾತ್ರ, ನಾಲ್ಕು ಗುಟುಕಿನಷ್ಟು ಹಾಲು ಬೆರೆಸಿದ ಚಹಾ. ನಮ್ಮ ಬೈಟು ಕಾಫಿಯಲ್ಲೂ ಇದಕ್ಕಿಂತ ಜಾಸ್ತಿ ಇರುತ್ತದೆ. ಕುಡಿದಿಟ್ಟರೆ ಮತ್ತೆ ಅಷ್ಟೇ. ಇಷ್ಟು ಚೆನ್ನಾಗಿ ಊಟಕ್ಕಿಡುವ ಜನ ಚಹಾದಲ್ಲಿ ಯಾಕೆ ಹೀಗೆ ಜಿಪುಣರು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಕೇಳಿದ್ದರೆ ಚೆನ್ನಾಗಿತ್ತು.

‘ನಾಳೆ ಮಿಲ್ಲಿಗೆ ರಜ’ ಅಂದ ಎರ್ಲಾನ್, ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ. ‘ನಮ್ಮಮ್ಮನ ಮ್ಯೂಸಿಯಂ ನೋಡ್ಕೊಂಡು ಬರೋಣ. ಇಂಡಿಯಾದಿಂದ ಯಾರೂ ಬಂದಿಲ್ಲ. ನೀನು ಬರ್ತೀಯ ಅಂತ ಒಂದು ತಿಂಗಳಿಂದ ಕಾಯ್ತಿದಾರೆ.’

ಎಂಥ ಮ್ಯೂಸಿಯಂ ಅಂದೆ. ಅವನು ಎರಡೂ ಕೈಗಳಿಂದ ಗಾಳಿಯಲ್ಲಿ ಒಂದು ಅಣಬೆ ಬರೆದು ತೋರಿಸಿದ.

ಭಾನುವಾರ, ಹಳೆಯ ಶಾಲೆ

ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಸೋವಿಯತ್ ಕಾಲದಲ್ಲಿ ಆ ಹುಲ್ಲುಗಾವಲಿನಲ್ಲೇ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷೆ ಮಾಡುತ್ತಿದ್ದರು. ಮೊದಲು ಬಯಲಲ್ಲಿ, ಆಮೇಲೆ ನೆಲದೊಳಗೆ, ನಲವತ್ತು ವರ್ಷ. ದೇಶ ಸ್ವತಂತ್ರವಾಗುವ ಹೊತ್ತಿಗೆ ಅದನ್ನು ಮುಚ್ಚಿಸಿದರು. ಆಸುಪಾಸಿನ ಹಳ್ಳಿಯವರು ಉಳಿದದ್ದು, ಬಳಿದದ್ದನ್ನು ಒಟ್ಟುಮಾಡಿ ಒಂದು ಹಳೆಯ ಶಾಲೆಯಲ್ಲಿ ಇಟ್ಟಿದ್ದಾರೆ. ನಾಲ್ಕು ಕೋಣೆಗಳ ಮ್ಯೂಸಿಯಂ. ಬೀಗದ ಕೈ ಇರುವುದು ಎರ್ಲಾನ್‌ನ ತಾಯಿ ರೌಶನ್ ಅವರ ಹತ್ತಿರ. ಹಿರಿಯ ಹೆಂಗಸರನ್ನು ಅಲ್ಲಿ ‘ಅಪಾ’ ಅನ್ನುತ್ತಾರೆ. ನಾನೂ ರೌಶನ್ ಅಪಾ ಅಂದೆ. ಎಪ್ಪತ್ತು ದಾಟಿದ ಜೀವ, ತಲೆಗೆ ಬಿಳಿ ಬಟ್ಟೆ, ನಡೆ ಮಾತ್ರ ನಮ್ಮ ಬಿ.ಎಂ.ಟಿ.ಸಿ. ಕಂಡಕ್ಟರಮ್ಮಂದಿರ ಹಾಗೆ ಚುರುಕು. ಅವರ ಮಾತನ್ನು ಎರ್ಲಾನ್ ನನಗೆ ತಿಳಿಯುವಂತೆ ಹೇಳುತ್ತಾ ಹೋದ.

ಬಾಗಿಲಲ್ಲೇ ಅಪಾ ನನ್ನ ಬಲಗೈ ಹಿಡಿದುಕೊಂಡರು. ‘ಮೂರು ಕೋಣೆ ಎಲ್ಲರಿಗೂ ತೋರಿಸ್ತೀನಿ. ನಾಲ್ಕನೇದು ಮನಸ್ಸಿಗೆ ಬಂದೋರಿಗೆ ಮಾತ್ರ. ಅದರಲ್ಲಿ ನನ್ನ ಮನೆ ಇದೆ. ನೀನು ಅಷ್ಟು ದೂರದಿಂದ ಬಂದಿದೀಯ, ನಿನಗೆ ತೋರಿಸ್ತೀನಿ. ನಿಮ್ಮ ದೇಶದಲ್ಲೂ ಬಾಂಬು ಇದೆಯಂತೆ. ಹೋಗಿ ಅಲ್ಲಿ ಹೇಳು.’

ಮೊದಲ ಕೋಣೆಯಲ್ಲಿ ಭೂಪಟ. ಹಳ್ಳಿಗಳ ಹೆಸರಿನ ಪಕ್ಕದಲ್ಲಿ ಗಾಳಿ ಬೀಸಿದ ದಿಕ್ಕಿಗೆ ಬಾಣದ ಗುರುತು. ಎರಡನೆಯದರಲ್ಲಿ ಆ ಹಳ್ಳಿಗಳಲ್ಲಿ ಆಮೇಲೆ ಹುಟ್ಟಿದ ಮಕ್ಕಳ ಫೋಟೋಗಳು. ಆ ಫೋಟೋಗಳನ್ನು ನಾನಿಲ್ಲಿ ವರ್ಣಿಸುವುದಿಲ್ಲ. ಅಪಾ, ನಾವು ನೋಡಿ ಮುಗಿಸುವವರೆಗೆ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಮೂರನೆಯ ಕೋಣೆಯಲ್ಲಿ ನಾನು ಕೆಟ್ಟೆ.

ಅಲ್ಲಿ ಇದ್ದದ್ದು ಒಂದೇ ವಸ್ತು. ಪರೀಕ್ಷೆ ನಡೆಸುವವರು ದೂರದಲ್ಲಿ ಕುಳಿತು ಬಾಂಬು ಸಿಡಿಸಲು ಬಳಸುತ್ತಿದ್ದ ಯಂತ್ರ. ಬೀರುವಿನಷ್ಟು ಎತ್ತರ, ಬೂದುಬಣ್ಣದ ಕಬ್ಬಿಣದ ಹಲಗೆ, ಅದರ ತುಂಬ ಸ್ವಿಚ್ಚು, ಮುಳ್ಳಿನ ಗಡಿಯಾರದಂಥ ಮೀಟರುಗಳು, ತಿರುಗಿಸುವ ಗುಬಟುಗಳು. ಏನು ಹೇಳಲಿ, ನಾನು ಕಬ್ಬಿಣದ ಕೆಲಸದವನು. ಆ ಗುಬಟುಗಳಿಗೆ ಹಿಡಿತಕ್ಕೆಂದು ಹಾಕಿದ್ದ ಸಣ್ಣ ಗೀರುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಹಲಗೆಯ ಅಂಚು ಉಜ್ಜಿದವನು ಯಾರೋ, ಎದೆ ಮುಟ್ಟಿ ಹೇಳುತ್ತೇನೆ, ಪುಣ್ಯಾತ್ಮ. ನಲವತ್ತು ವರ್ಷದಲ್ಲಿ ಇಂಥ ಕೆಲಸ ನನ್ನ ಕೈಯಲ್ಲಿ ಆಗಿಲ್ಲ. ನೋಡುತ್ತಾ ನೋಡುತ್ತಾ ಹತ್ತಿರ ಹೋದೆ. ನನ್ನ ಬಲಗೈ ತಾನಾಗಿ ಚಾಚಿ ಅದರ ಮೈ ಮುಟ್ಟಿತು. ಅದೇ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ.

ಹಿಂದೆ ಅಪಾ ಅವರ ಮಾತು ನಿಂತುಹೋಯಿತು.

ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. ಎರ್ಲಾನ್‌ಗೆ ಏನೋ ಕೇಳಿದರು. ಅವನು ನನ್ನನ್ನು ನೋಡದೆ ಹೇಳಿದ: ‘ಅದಕ್ಕೆ ಯಾಕೆ ಕೈ ಮುಗಿದೆ ಅಂತ ಕೇಳ್ತಿದಾರೆ.’

‘ಅಯ್ಯೋ, ಕೈ ಮುಗಿದಿದ್ದಲ್ಲಪ್ಪ! ಅಭ್ಯಾಸ! ನಿಂಗೊತ್ತಲ್ಲ, ನಮ್ಮ ಶೆಡ್ಡಲ್ಲಿ ನೋಡಿದೀಯಲ್ಲ!’

ಅವನು ನೋಡಿದ್ದ. ತಾಯಿಗೆ ಹೇಳಲು ಪ್ರಯತ್ನಿಸಿದ. ಅದು ಹೇಗೆ ಹೇಳಿದನೋ, ಅವರು ಹೇಗೆ ಅರ್ಥಮಾಡಿಕೊಂಡರೋ. ಅಪಾ ಸೊಂಟದಲ್ಲಿದ್ದ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ನಡೆದರು. ನಾಲ್ಕನೆಯ ಬಾಗಿಲು ತೆರೆಯಲಿಲ್ಲ.

ಹೊರಗಿನ ಮೇಜಿನ ಹತ್ತಿರ ಚಹಾ ಬಂತು. ನನ್ನ ಬಟ್ಟಲಿಗೆ ಅಪಾ ತಾವೇ ಬಗ್ಗಿಸಿದರು. ಈ ಸಲ ಅಂಚಿನ ತನಕ, ಇನ್ನೇನು ಚೆಲ್ಲಬೇಕು ಅನ್ನುವಷ್ಟು. ನನಗೆ ಜೀವ ಬಂದ ಹಾಗಾಯಿತು. ಸಿಟ್ಟು ಇಳಿಯಿತು, ಅದಕ್ಕೇ ಧಾರಾಳವಾಗಿ ಕೊಟ್ಟಿದ್ದಾರೆ ಅಂದುಕೊಂಡು ಹಲ್ಲು ಕಿರಿದು ಪೂರ್ತಿ ಕುಡಿದೆ. ಚೆನ್ನಾಗಿದೆ ಅಂತ ತಲೆಯನ್ನೂ ಆಡಿಸಿದೆ. ಎರ್ಲಾನ್ ನೆಲ ನೋಡುತ್ತಿದ್ದ.

ಕಾರು ಹತ್ತಿದ ಮೇಲೆ ಅವನು ಹೇಳಿದ. ‘ನಮ್ಮಲ್ಲಿ ಬೇಕಾದೋರಿಗೆ ಸ್ವಲ್ಪ ಸ್ವಲ್ಪವೇ ಹಾಕ್ತೀವಿ ಗುರು. ಮತ್ತೆ ಕೇಳ್ಲಿ, ಮತ್ತೆ ಹಾಕೋಣ, ಕೂತಿರ್ಲಿ ಅಂತ. ಬಟ್ಟಲು ತುಂಬಿಸಿ ಕೊಟ್ರೆ, ಕುಡಿದು ಹೊರಡು ಅಂತ ಅರ್ಥ.’

ತಲೆ ಚಚ್ಚಿಕೊಂಡೆ. ಎರಡು ದಿನದಿಂದ ಮರ್ಯಾದೆಯನ್ನು ಜಿಪುಣತನ ಅಂದುಕೊಂಡಿದ್ದೆ. ಹೊರಡು ಅಂದದ್ದನ್ನು ಧಾರಾಳ ಅಂದುಕೊಂಡು ಹಲ್ಲು ಕಿರಿದು ಬಂದಿದ್ದೆ. ಮಂಗಳವಾರ ಮಧ್ಯಾಹ್ನ ನನ್ನ ರೈಲು. ಅಷ್ಟರೊಳಗೆ ಆ ಬಾಗಿಲು ತೆರೆಯದಿದ್ದರೆ, ಬಾಂಬಿಗೆ ಪೂಜೆ ಮಾಡಿದವನು ಅಂತಲೇ ಆ ಹೆಂಗಸಿನ ಮನಸ್ಸಿನಲ್ಲಿ ನಾನು ಉಳಿದುಬಿಡುತ್ತೇನೆ. ರಾತ್ರಿ ಕುದುರೆ ಮಾಂಸ ಬಡಿಸಿದರು. ಯಾವ ರುಚಿ ಅಂತ ಗಿರಿಯಪ್ಪ ಈಗಲೂ ಕೇಳುತ್ತಾನೆ. ನನಗೆ ನಿಜವಾಗಿಯೂ ನೆನಪಿಲ್ಲ.

ಸೋಮವಾರ, ಹಿಟ್ಟಿನ ಮಿಲ್ಲು

ಬೆಳಿಗ್ಗೆ ಎರ್ಲಾನ್‌ಗೆ ಹೇಳಿದೆ, ‘ಮಷೀನ್ ಚಾಲೂ ಮಾಡೋ ಹೊತ್ತಿಗೆ ಅಮ್ಮನ್ನ ಕರ್ಕೊಂಡು ಬಾ. ಕೈ ಮುಗಿದು ಕೇಳ್ತೀನಿ.’

‘ಕೈ ಮುಗಿಬೇಡ’ ಅಂದ ಅವನು. ‘ಅದರಿಂದಾನೇ ಶುರುವಾಗಿದ್ದು.’

ಹನ್ನೊಂದಕ್ಕೆ ಅಪಾ ಬಂದರು. ಮಗನಿಗಾಗಿ ಬಂದಿದ್ದರು, ನನಗಾಗಿ ಅಲ್ಲ. ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಮಷೀನು ಸಿದ್ಧವಾಗಿತ್ತು. ಹಿಟ್ಟಿನ ಮಿಲ್ಲಿನಲ್ಲಿ ಬೆಂಕಿ ಕೂಡದು, ಹಾಗಾಗಿ ಊದುಬತ್ತಿ ಪೆಟ್ಟಿಗೆಯಲ್ಲೇ ಉಳಿಯಿತು. ಅಂಗಡಿಯಿಂದ ತರಿಸಿದ್ದ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ಮಷೀನಿನ ಬುಡದಲ್ಲಿಟ್ಟೆ. ಮೈಗೆ ಮೂರು ಕಡೆ ಅರಿಶಿನ ಕುಂಕುಮ ಇಟ್ಟೆ. ಕೆಲಸದ ಹೆಣ್ಣುಮಕ್ಕಳು ಫೋನು ತೆಗೆದು ಚಿತ್ರ ಹಿಡಿಯತೊಡಗಿದರು. ಮಷೀನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಾಗ ಅಪಾ ನನ್ನನ್ನೇ ನೋಡುತ್ತಿದ್ದರು. ಸ್ವಿಚ್ ಹಾಕಿದೆ. ಒಂದು ಪೊಟ್ಟಣ ಬಾಯಿ ಮುಚ್ಚದೆ ಹಿಟ್ಟು ಉಗುಳಿತು, ಎರಡನೆಯದು ಓರೆಯಾಯಿತು, ಮೂರನೆಯದರಿಂದ ಸರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪಾ ತಟ್ಟಲಿಲ್ಲ.

ಚಹಾಕ್ಕೆ ಕೂತೆವು. ಯಾರೋ ತಟ್ಟೆ ದಾಟಿಸುವಾಗ ಒಂದು ರೊಟ್ಟಿಯ ತುಂಡು ನೆಲಕ್ಕೆ ಬಿತ್ತು. ಅಪಾ ಬಗ್ಗಿ ಅದನ್ನು ಎತ್ತಿಕೊಂಡು, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು ಮೇಜಿನ ಮೇಲೆ ಇಟ್ಟರು. ಆ ಕೆಲಸ ಅವರ ಗಮನಕ್ಕೇ ಬಾರದೆ ಆಗಿಹೋಯಿತು.

‘ಅದೇ!’ ಅಂತ ನಾನು ಕೂಗಿಬಿಟ್ಟೆ, ಅಪ್ಪಟ ಕನ್ನಡದಲ್ಲಿ. ‘ಅದೇ ಕಣಮ್ಮಾ! ನಾನ್ ಮಾಡಿದ್ದೂ ಅದೇ! ಗೊತ್ತಿಲ್ದೆ ಆಗೋಯ್ತು!’

ಎಲ್ಲರೂ ಬೆಚ್ಚಿದರು. ನಾನು ರೊಟ್ಟಿ ತೋರಿಸಿ, ಹಣೆ ತೋರಿಸಿ, ಮಷೀನು ತೋರಿಸಿ, ಕಣ್ಣು ತೋರಿಸಿ ಒದ್ದಾಡಿದೆ. ಎರ್ಲಾನ್ ಬಿಡಿಸಿ ಹೇಳಿದ. ಅಪಾ ಒಂದು ಮಾತು ಕೇಳಿದರು.

‘ರೊಟ್ಟಿ ಹೊಟ್ಟೆ ತುಂಬಿಸತ್ತೆ. ಆ ಬಾಂಬಿನ ಯಂತ್ರ ಏನು ಮಾಡ್ತು?’

ನಾನು ಎಡಗೈಯನ್ನು ಮೇಜಿನ ಮೇಲೆ ಅವರ ಮುಂದೆ ಇಟ್ಟೆ. ತೋರುಬೆರಳು, ನಡುಬೆರಳು ಎರಡೂ ಬುಡದಲ್ಲೇ ಮುಗಿದುಹೋಗುತ್ತವೆ. ಹೊಸಬರ ಮುಂದೆ ಆ ಕೈಯನ್ನು ನಾನು ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ, ಅಪಾ ಕಂಡಿರಲಿಲ್ಲ.

‘ಇದನ್ನ ತೆಗೆದಿದ್ದು ಒಂದು ಮಷೀನು’ ಅಂದೆ. ‘ಆಸ್ಪತ್ರೆಯಿಂದ ವಾಪಸ್ ಬಂದ ದಿನ ಅದೇ ಮಷೀನ್ ಮುಟ್ಟಿ ಕಣ್ಣಿಗೆ ಒತ್ಕೊಂಡೆ. ಒಳ್ಳೇದು ಅಂತ ಅಲ್ಲಮ್ಮ. ಭಯಕ್ಕೆ. ಇಷ್ಟು ತಗೊಂಡೆ, ಸಾಕು, ಇನ್ನು ಯಾರ್ದೂ ತಗೋಬೇಡಪ್ಪ ಅಂತ. ನಮ್ಮಲ್ಲಿ ಎಲ್ರೂ ಅದಕ್ಕೇ ಮಾಡೋದು.’

ಎರ್ಲಾನ್ ಹೇಳಿ ಮುಗಿಸುವ ಮುಂಚೆಯೇ ಅಪಾ ನನ್ನ ಕೈ ಎತ್ತಿಕೊಂಡಿದ್ದರು. ಬೆರಳಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಅಷ್ಟು ಹೊತ್ತು ಪದ್ಮನ ಹೊರತು ಯಾರೂ ಆ ಕೈಯನ್ನು ಹಿಡಿದಿಲ್ಲ. ನನ್ನ ಕಣ್ಣು ತುಂಬಿ ಬಂತು, ಹಿಟ್ಟಿನ ಧೂಳು ಅಂತ ಒರೆಸಿಕೊಂಡೆ.

ಎದ್ದು ಹೋಗುವಾಗ ಅವರು ಮಗನಿಗೆ ಏನೋ ಹೇಳಿದರು. ಏನಂತೆ ಅಂದೆ.

‘ನಾಳೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೀತಾರಂತೆ.’

ಮಂಗಳವಾರ, ನಾಲ್ಕನೆಯ ಕೋಣೆ

ಅವರ ಮನೆ ಅಂದರೆ ನಿಜವಾಗಿಯೂ ಮನೆಯೇ. ನೆಲಕ್ಕೆ ಹಾಸಿದ ಉಣ್ಣೆಯ ಜಮಖಾನ, ಗಿಡ್ಡನೆಯ ಊಟದ ಮೇಜು, ಗೋಡೆಗೆ ಒಂದು ಫೋಟೋ, ಮೂಲೆಯ ಪೀಠದ ಮೇಲೆ ಹಿತ್ತಾಳೆಯ ಸಮೋವರ್. ಸಮೋವರ್ ಅಂದರೆ ನಮ್ಮ ಬಚ್ಚಲು ಮನೆಯ ತಾಮ್ರದ ಬಾಯ್ಲರಿನ ತಂಗಿ, ಚಹಾಕ್ಕೆ ನೀರು ಕಾಯಿಸುವ, ನಲ್ಲಿ ಇರುವ ಪಾತ್ರೆ. ಹಳ್ಳಿ ಬಿಟ್ಟು ಬರುವಾಗ ಅಪಾ ಅವರ ತಾಯಿಯ ಮನೆಯಿಂದ ಉಳಿದದ್ದು ಇಷ್ಟೇ.

ಸಮೋವರಿನ ಒಂದು ಮಗ್ಗುಲು ಪೂರ್ತಿ ತಗ್ಗು. ಒಂದರ ಮೇಲೊಂದು, ಒಂದರೊಳಗೊಂದು. ಕೈಚಪಲ, ಬಿಡಬೇಕಲ್ಲ. ‘ಇದನ್ನ ನಾನು ಅರ್ಧ ಗಂಟೇಲಿ ಎತ್ಕೊಡ್ತೀನಿ’ ಅಂದೆ. ‘ಮರದ ಸುತ್ತಿಗೆ ಒಂದು ಸಿಕ್ರೆ ಸಾಕು.’

‘ಬೇಡ’ ಅಂದರು ಅಪಾ. ‘ನಮ್ಮಮ್ಮನೂ ಯಾರಿಗೂ ಎತ್ತಕ್ಕೆ ಬಿಡಲಿಲ್ಲ.’

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಸಿಪಾಯಿಗಳು ಗಾಡಿಯಲ್ಲಿ ಬಂದು, ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಹಳ್ಳದಲ್ಲಿ ಬೋರಲು ಮಲಗಿ, ತಲೆ ಎತ್ತಬೇಡಿ ಅನ್ನುತ್ತಿದ್ದರು. ಯಾಕೆ ಅಂತ ಹೇಳುತ್ತಿರಲಿಲ್ಲ. ತಾಯಿ ಮಕ್ಕಳ ಮೇಲೆ ಕಂಬಳಿ ಹೊದಿಸಿ ತಾನು ಅದರ ಮೇಲೆ ಮಲಗುತ್ತಿದ್ದಳು. ಬೆಳಕು, ಆಮೇಲೆ ನೆಲ ಅದುರುವುದು, ಆಮೇಲೆ ಮನೆಯೊಳಗಿನಿಂದ ‘ಢಣ್’ ಅಂತ ಸಮೋವರ್ ಪೀಠದಿಂದ ಬೀಳುವ ಸದ್ದು. ಆ ಸದ್ದು ಕೇಳಿದ ಮೇಲೆ ಇವತ್ತಿನದು ಮುಗಿಯಿತು ಅಂತ ಎಲ್ಲರೂ ಎದ್ದು ಮೈ ಕೊಡವಿಕೊಂಡು ಚಹಾಕ್ಕೆ ನೀರಿಡುತ್ತಿದ್ದರು. ಒಂದೊಂದು ತಗ್ಗು ಅಂಥ ಒಂದೊಂದು ದಿನದ್ದು.

ಗೋಡೆಯ ಫೋಟೋದಲ್ಲಿದ್ದವನು ಅವರ ಅಣ್ಣ. ಕುರಿ ಕಾಯುತ್ತಿದ್ದ. ಒಂದು ಸಲ ತಲೆ ಎತ್ತಿ ನೋಡಿದ. ಎಷ್ಟು ಚೆನ್ನಾಗಿತ್ತು ಗೊತ್ತಾ, ಎರಡು ಸೂರ್ಯ ಇತ್ತು ಅಂತ ತಂಗಿಗೆ ಹೇಳಿದ್ದ. ಆಮೇಲೆ ವರ್ಷ ವರ್ಷ ಡಾಕ್ಟರುಗಳು ಬಂದು ಅವನ ರಕ್ತ ತೆಗೆದುಕೊಂಡು ಹೋದರು. ಏನಾಗಿದೆ ಅಂತ ಒಬ್ಬರೂ ಹೇಳಲಿಲ್ಲ. ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಹೋಗಿಬಿಟ್ಟ.

ನಾನು ಜಮಖಾನದ ಮೇಲೆ ಕೂತೆ.

‘ಎರ್ಲಾನ್, ಅಮ್ಮಂಗೆ ಒಂದು ಮಾತು ಹೇಳು. ನಮ್ಮ ದೇಶ ಮರಳುಗಾಡಲ್ಲಿ ಬಾಂಬು ಸಿಡಿಸಿದ್ದು ಒಂದು ಬುದ್ಧ ಪೂರ್ಣಿಮೆ ದಿನ. ಆಗಷ್ಟೇ ನನ್ನ ಸ್ವಂತ ಶೆಡ್ಡು ಶುರುವಾಗಿತ್ತು. ಸುದ್ದಿ ಗೊತ್ತಾದ ಮಾರನೇ ದಿನ ಮೈಸೂರ್ ಪಾಕ್ ತರಿಸಿ ಇಡೀ ಬೀದಿಗೆ ಹಂಚಿದೆ. ನಾನು, ಗಿರಿಯಪ್ಪ, ಇಬ್ರೂ ತಟ್ಟೆ ಹಿಡ್ಕೊಂಡು ಶೆಡ್ ಶೆಡ್ಡಿಗೂ ಹೋದ್ವಿ. ಪಟಾಕಿನೂ ಹೊಡೆದ್ವಿ.’

ಎರ್ಲಾನ್ ನನ್ನನ್ನೇ ನೋಡಿದ. ಹೇಳಲೋ ಬೇಡವೋ ಅಂತ. ‘ಹೇಳಪ್ಪ’ ಅಂದೆ.

ಅಪಾ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ‘ಅಲ್ಲಿ ಹತ್ತಿರ ಯಾವ ಹಳ್ಳಿ ಇತ್ತು?’ ಅಂದರು.

‘ಗೊತ್ತಿಲ್ಲ.’

‘ಅವರಿಗೆ ಮೊದಲೇ ಹೇಳಿದ್ರಾ?’

‘ಗೊತ್ತಿಲ್ಲಮ್ಮ. ನಾನು ಕೇಳ್ಲಿಲ್ಲ. ನಮ್ಮ ಬೀದಿಲಿ ಯಾರೂ ಕೇಳ್ಲಿಲ್ಲ.’

ಇಪ್ಪತ್ತೇಳು ವರ್ಷದಲ್ಲಿ ಆ ಪ್ರಶ್ನೆ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ದೇಶದ ಮೇಲಿನ ಅಭಿಮಾನ ಈಗಲೂ ನನಗೆ ಅಷ್ಟೇ ಇದೆ, ಅದಕ್ಕೇನೂ ಧಕ್ಕೆಯಿಲ್ಲ. ಆದರೆ ಸಿಹಿ ಹಂಚುವವನು, ಅಲ್ಲಿ ಯಾರ ಮನೆಯ ಪಾತ್ರೆ ಬಿತ್ತು ಅಂತ ಒಂದು ಮಾತು ಕೇಳಬಹುದಿತ್ತು.

ಅಪಾ ಎದ್ದು ಹೋದರು. ಈ ಸಲವೂ ಮುಗಿಯಿತು ಅಂದುಕೊಂಡೆ. ಶಾಲೆಯ ಹಿಂದಿನ ಹಳೆಯ ಅಡುಗೆ ಮನೆಯಿಂದ ಎಣ್ಣೆ ಕಾದ ವಾಸನೆ ಬಂತು, ಥೇಟ್ ನಮ್ಮ ಮನೆಯ ಪೂರಿಯ ವಾಸನೆ. ಸ್ವಲ್ಪ ಹೊತ್ತಿಗೆ ಅವರು ಚಹಾ ತಂದರು. ಬಟ್ಟಲು ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಎಷ್ಟಿದೆ ಅಂತ. ತಳದಲ್ಲಿ ನಾಲ್ಕು ಗುಟುಕು. ಅಷ್ಟು ಕಮ್ಮಿ ಚಹಾ ಕಂಡು ಅಷ್ಟು ಸಂತೋಷಪಟ್ಟ ಬೆಂಗಳೂರಿನವನು ಇನ್ನೊಬ್ಬ ಇರಲಾರ. ಕುಡಿದೆ, ಮತ್ತೆ ಹಾಕಿದರು. ಐದು ಸಲ ಹಾಕಿಸಿಕೊಂಡೆ. ರೈಲು ತಪ್ಪುತ್ತದೆ ಅಂತ ಎರ್ಲಾನ್ ಕೈಗಡಿಯಾರ ತೋರಿಸುತ್ತಲೇ ಇದ್ದ.

ಹೊರಡುವಾಗ ಅಪಾ ಬಿಳಿ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟರು. ಅಗಲವಾದ, ಎಣ್ಣೆಯಲ್ಲಿ ಕರಿದ ಏಳು ರೊಟ್ಟಿ. ಶೆಲ್ಪೆಕ್ ಅನ್ನುತ್ತಾರೆ. ಸತ್ತವರ ಹೆಸರಿನಲ್ಲಿ ಶುಕ್ರವಾರ ಏಳು ಕರಿದು ನೆರೆಹೊರೆಗೆ ಹಂಚುವುದು ಅವರಲ್ಲಿ ವಾಡಿಕೆ.

‘ಇದು ನಮ್ಮಣ್ಣನ ಹೆಸರಿಂದು’ ಅಂದರು. ‘ಶುಕ್ರವಾರ ನೀನು ನಿನ್ನ ಬೀದಿಲಿರ್ತೀಯ. ಆವತ್ತು ಸಿಹಿ ಹಂಚಿದೆಯಲ್ಲ, ಅದೇ ಮನೆಗಳಿಗೆ ಇದನ್ನ ಹಂಚು. ಯಾಕೆ ಅಂತ ಕೇಳಿದ್ರೆ ಹೇಳು.’

ಬಾಗಿಲು ದಾಟುವ ಮುಂಚೆ ನಾನು ಸಮೋವರಿನ ತಗ್ಗುಗಳ ಮೇಲೆ ಕೈಯಿಟ್ಟು ಕಣ್ಣಿಗೆ ಒತ್ತಿಕೊಂಡೆ. ಈ ಸಲ ಅಪಾ ತಡೆಯಲಿಲ್ಲ.

ಮತ್ತೆ ಪೀಣ್ಯ, ಶುಕ್ರವಾರ

ರೈಲು, ವಿಮಾನ, ಟ್ಯಾಕ್ಸಿಗಳಲ್ಲಿ ಮೂರು ದಿನ ಕಳೆದ ರೊಟ್ಟಿ ಚಕ್ಕಳದ ಹಾಗಾಗಿತ್ತು. ‘ಇದನ್ನ ಯಾರಿಗ್ರೀ ಕೊಡ್ತೀರ, ನಗ್ತಾರೆ’ ಅಂದಳು ಪದ್ಮ. ಕಥೆ ಹೇಳಿದ ಮೇಲೆ ತಾನೇ ಕಾವಲಿಯ ಮೇಲೆ ಒಂದೊಂದನ್ನೂ ಬೆಚ್ಚಗೆ ಮಾಡಿಕೊಟ್ಟಳು.

ಶುಕ್ರವಾರ ನಮ್ಮ ಬೀದಿಯಲ್ಲಿ ಎಲ್ಲ ಶೆಡ್ಡಿನಲ್ಲೂ ಪೂಜೆ, ಕಡ್ಲೆಪುರಿ ಹಂಚುವ ದಿನ. ತಟ್ಟೆ ಹಿಡಿದು ಹೊರಟೆ. ಆವತ್ತು ಸಿಹಿ ತಿಂದವರಲ್ಲಿ ಈಗಲೂ ಆ ಬೀದಿಯಲ್ಲಿ ಇರುವವರು ಆರೇ ಜನ. ನಮ್ಮೂರಲ್ಲಿ ಏನು ಹಂಚಿದರೂ ಮೊದಲ ಮಾತು ಒಂದೇ ತಾನೇ? ‘ಏನ್ ವಿಶೇಷ ಸಾರ್?’ ಅಂದರು. ಹೇಳಿದೆ. ಆರು ಕಡೆಯೂ ನಿಂತು ಹೇಳಿದೆ. ಕೆಲವರು ಅರ್ಧಕ್ಕೇ ಫೋನು ತೆಗೆದರು. ಒಬ್ಬ ‘ಅದೆಲ್ಲ ಆ ದೇಶದ ಮಾತು ಬಿಡಿ ಸಾರ್’ ಅಂದ. ಒಬ್ಬರು ಮಷೀನು ಆಫ್ ಮಾಡಿ ಕೇಳಿಸಿಕೊಂಡರು.

ಆರನೆಯದು ಗಿರಿಯಪ್ಪನಿಗೆ. ಅವನು ಕೇಳುತ್ತಾ ಕೇಳುತ್ತಾ ಅರ್ಧ ತಿಂದಿದ್ದ. ಅಲ್ಲಿಗೇ ನಿಲ್ಲಿಸಿದ.

‘ಆವತ್ತು ತಟ್ಟೆ ಹಿಡಿದಿದ್ದು ನಾನಲ್ವೇನೋ?’ ಅಂದ.

‘ಹೂಂ. ನೀನೇ.’

ಉಳಿದರ್ಧವನ್ನು ಅವನು ಕಣ್ಣಿಗೆ ಒತ್ತಿಕೊಂಡು ತಿಂದ. ಆಮೇಲೆ ತಟ್ಟೆ ನೋಡಿ, ‘ಇನ್ನೊಂದು ಉಳೀತಲ್ಲ, ಅದು ಯಾರಿಗೋ?’ ಅಂತ ಕೇಳಿದ.

ಅದು ನಮ್ಮ ಬಾಂಬು ಸಿಡಿದ ಮರಳುಗಾಡಿನ ಪಕ್ಕದ ಹಳ್ಳಿಯವರದು. ಊರಿನ ಹೆಸರು ಕೇಳಿ ತಿಳಿದುಕೊಳ್ಳುವುದಷ್ಟೇ ಬಾಕಿ.